ಲೆಕ್ಕ ಬರುತ್ತೆ, ಅಕ್ಷರ ಬರೋಲ್ಲ: ಹುಡುಗ ದಡ್ಡನಲ್ಲ ಸ್ವಾಮಿ!

ಅಂಗಡಿಯಲ್ಲಿ ಕೂತರೆ ಹುಡುಗ ಗಟ್ಟಿಗ. ಅರ್ಧ ಕಿಲೋ ತೊಗರಿಬೇಳೆ, ಕಾಲು ಕಿಲೋ ಬೆಲ್ಲ, ಎರಡು ಸೋಪು ಅಂದರೆ ಬಾಯಲ್ಲೇ ಲೆಕ್ಕ ಹಾಕಿ ಚಿಲ್ಲರೆ ಎಣಿಸಿ ಕೊಡ್ತಾನೆ. ಯಾವ ಗಿರಾಕಿ ಎಷ್ಟು ಬಾಕಿ ಅನ್ನೋದು ಬಾಯಿಪಾಠ. ಅದೇ ಬಾಕಿ ಪುಸ್ತಕ ಕೈಗೆ ಕೊಟ್ಟು 'ಓದು' ಅನ್ನಿ, ಬೆವರು ಇಳಿಯುತ್ತೆ. ಐದನೇ ಕ್ಲಾಸಿಗೆ ಬಂದರೂ 'ಪುಸ್ತಕ' ಅನ್ನೋದನ್ನ 'ಪುಸಕ' ಅಂತ ಬರೀತಾನೆ. ಅಪ್ಪನಿಗೆ ಸಿಟ್ಟು, ಮೇಷ್ಟ್ರಿಗೆ ಬೇಜಾರು, ಓಣಿಯವರ ಬಾಯಲ್ಲಿ 'ದಡ್ಡ ಶಿಖಾಮಣಿ' ಎಂಬ ಬಿರುದು. 'ನೀನು ಸರಿಯಾಗಿ ಓದಿಸಲಿಲ್ಲ' ಎಂದು ಬೈಸಿಕೊಳ್ಳುವವಳು ತಾಯಿ.

ಇಂಥ ಮಗು ಒಂದು ಮನೆಯಲ್ಲಿ ಮಾತ್ರ ಇಲ್ಲ, ಊರೂರಲ್ಲೂ ಇದೆ. ಹೆಣ್ಣುಮಗುವಾದರೆ 'ಓದಿ ಏನಾಗಬೇಕು' ಎಂದು ಸುಮ್ಮನಾಗುವವರೂ ಇದ್ದಾರೆ.

ಹೊಸದೂ ಅಲ್ಲ, ರೋಗವೂ ಅಲ್ಲ

ಇದಕ್ಕೆ ಡಾಕ್ಟರುಗಳು ಇಟ್ಟ ಹೆಸರು ಡಿಸ್ಲೆಕ್ಸಿಯಾ. ಸರ್ಕಾರಿ ಕಾಗದದಲ್ಲಿ ಇದು 'ನಿರ್ದಿಷ್ಟ ಕಲಿಕಾ ನ್ಯೂನತೆ'ಯ ಪಟ್ಟಿಗೆ ಸೇರುತ್ತದೆ. 1896ರಲ್ಲೇ ಇಂಗ್ಲೆಂಡಿನ ಪ್ರಿಂಗಲ್ ಮಾರ್ಗನ್ ಎಂಬ ವೈದ್ಯರು 14 ವರ್ಷದ ಹುಡುಗನೊಬ್ಬನ ಬಗ್ಗೆ ಬರೆದಿದ್ದರು. ಆಟದಲ್ಲಿ ಚುರುಕು, ಲೆಕ್ಕ ಅಂದ್ರೆ ಇಷ್ಟ, ಓದು ಮಾತ್ರ ಬರದು. ಪಾಠವೆಲ್ಲ ಬಾಯಿಮಾತಲ್ಲೇ ನಡೆದರೆ ಶಾಲೆಗೆಲ್ಲ ಇವನೇ ಜಾಣ ಎಂದು ಅವನ ಮೇಷ್ಟ್ರೇ ಹೇಳಿದ್ದರಂತೆ!

ಇದು ಕಣ್ಣಿನ ದೋಷವಲ್ಲ, ಬುದ್ಧಿ ಕಮ್ಮಿಯಲ್ಲ, ಸೋಮಾರಿತನವಂತೂ ಅಲ್ಲವೇ ಅಲ್ಲ. ಕಿವಿಗೆ ಬಿದ್ದ ಶಬ್ದವನ್ನು ಬಿಡಿಬಿಡಿಯಾಗಿ ಹಿಡಿದು ಅಕ್ಷರಕ್ಕೆ ಜೋಡಿಸುವ ಕೆಲಸ ಆ ಮಿದುಳಿಗೆ ಸಲೀಸಾಗಿ ಆಗೋಲ್ಲ. ಎಷ್ಟೋ ಮನೆಗಳಲ್ಲಿ ವಂಶದಲ್ಲೇ ಇರುತ್ತೆ. ಇವತ್ತು ಕೋಲು ಹಿಡಿದ ಅಪ್ಪನೇ ಚಿಕ್ಕಂದಿನಲ್ಲಿ ಇದಕ್ಕೇ ಏಟು ತಿಂದವನಿರಬಹುದು.

ಕನ್ನಡದ ಮಕ್ಕಳಿಗೆ ಕನ್ನಡದ್ದೇ ಕಷ್ಟ

ಇಂಗ್ಲಿಷಿಗೆ 26 ಅಕ್ಷರ. ನಮ್ಮಲ್ಲಿ ವರ್ಣಮಾಲೆ ಮುಗಿದರೆ ಕಾಗುಣಿತ, ಕಾಗುಣಿತ ಮುಗಿದರೆ ಒತ್ತಕ್ಷರ. ಮಗು ಗುರುತು ಹಿಡಿಯಬೇಕಾದ ರೂಪಗಳು ನೂರಾರು. ದ-ಧ, ಬ-ಭ, ಪ-ಷ ಇವಕ್ಕೆಲ್ಲ ಒಂದು ಗೀಟು ಹೆಚ್ಚುಕಮ್ಮಿ ಅಷ್ಟೇ. ದಿನಾ ಓಡಾಡುವ 'ರಸ್ತೆ'ಯನ್ನೇ ನೋಡಿ. ಕೊನೆಯಲ್ಲಿ ಕೇಳಿಸುವ 'ಎ' ಸ್ವರ ಹೋಗಿ 'ಸ'ಕಾರದ ತಲೆ ಮೇಲೆ ಕೂತಿದೆ, ಆಮೇಲೆ ಬರುವ 'ತ' ಕಾಲಡಿ ಸೇರಿದೆ. ನಮಗೆ ರೂಢಿಯಾಗಿದೆ, ಗೊತ್ತಾಗಲ್ಲ. ತಡವರಿಸುವ ಮಗುವಿಗೆ ಅದು ಗೋಡೆ.

ಕನ್ನಡ ಓದುವ ಮಕ್ಕಳ ಬಗ್ಗೆ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುವುದೂ ಇದನ್ನೇ: ಇಂಗ್ಲಿಷ್ ಅಕ್ಷರಕ್ಕಿಂತ ಕನ್ನಡದ ಅಕ್ಷರ ಕೈಗೆ ಹತ್ತಲು ಹೆಚ್ಚು ಕಾಲ ಬೇಕು, ಮೂರು-ನಾಲ್ಕನೇ ಕ್ಲಾಸಿನವರೆಗೂ ಕಲಿಕೆ ನಡೆದೇ ಇರುತ್ತೆ. ಆದ್ದರಿಂದ ಒಂದನೇ ಕ್ಲಾಸಿನಲ್ಲೇ ಗಾಬರಿ ಬೇಡ. ಆದರೆ ವಾರಿಗೆಯ ಮಕ್ಕಳೆಲ್ಲ ಮುಂದೆ ಹೋಗಿ ನಿಮ್ಮದೊಂದೇ ಹಿಂದೆ ಉಳಿದರೆ, 'ದೊಡ್ಡವನಾದ ಮೇಲೆ ಸರಿಹೋಗುತ್ತೆ' ಎಂದು ಕೂರಬೇಡಿ.

ಮನೆಯಲ್ಲಿ ಏನ್ ಮಾಡೋದು?

ಮೊದಲು ಕಣ್ಣು, ಕಿವಿ ಪರೀಕ್ಷೆ. ಎರಡೂ ಸರಿಯಿದ್ದರೆ ಮುಂದಿನ ತಪಾಸಣೆ. ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಬೆಂಗಳೂರಿನ ನಿಮ್ಹಾನ್ಸ್ ಇದೆ.

ಇನ್ನು ಪಾಠ. ನಮ್ಮ ಅಜ್ಜಂದಿರು ಮರಳಿನ ಮೇಲೆ ಅಕ್ಷರ ತಿದ್ದಿದವರು. ಈಗಿನ ವಿಶೇಷ ಶಿಕ್ಷಕರು ಹೇಳುವುದೂ ಹೆಚ್ಚುಕಡಿಮೆ ಅದನ್ನೇ. ತಟ್ಟೆಯಲ್ಲಿ ರಾಗಿ ಹರಡಿ ಬೆರಳಲ್ಲಿ ತಿದ್ದಿಸಿ, ತಿದ್ದುವಾಗಲೇ ಬಾಯಲ್ಲಿ ಹೇಳಿಸಿ. ಕಣ್ಣು, ಕಿವಿ, ಕೈ ಮೂರೂ ಒಟ್ಟಿಗೆ ದುಡಿಯಲಿ. ಒಂದು ಸಲಕ್ಕೆ ಒಂದೇ ಅಕ್ಷರ. ದಿನಕ್ಕೆ ಇಪ್ಪತ್ತು ನಿಮಿಷ ಸಾಕು, ಆದರೆ ದಿನ ತಪ್ಪಬಾರದು. ಸಮಾಜ, ವಿಜ್ಞಾನದ ಪಾಠ ನೀವೇ ಗಟ್ಟಿಯಾಗಿ ಓದಿ ಹೇಳಿ, ಬಾಯಲ್ಲಿ ಉತ್ತರ ಕೇಳಿ. ವಿಷಯ ಅವನಿಗೆ ಗೊತ್ತಿದೆ ಅನ್ನೋದು ಆಗ ನಿಮಗೇ ಕಾಣುತ್ತೆ. ನೆಂಟರ ಮುಂದೆ ಓದಿಸೋದು, ಅಣ್ಣನ ಮಾರ್ಕ್ಸ್ ಕಾರ್ಡ್ ಎದುರಿಗೆ ಹಿಡಿಯೋದು ಮಾತ್ರ ಬೇಡವೇ ಬೇಡ.

ರೂಲ್ಸು ಏನು ಹೇಳುತ್ತೆ?

1995ರ ಅಂಗವಿಕಲರ ಕಾಯ್ದೆಯಲ್ಲಿ ಈ ಮಕ್ಕಳ ಹೆಸರೇ ಇರಲಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ನ್ಯೂನತೆಗಳನ್ನು ಪಟ್ಟಿ ಮಾಡಿತು, ಅದರಲ್ಲಿ ಇದೂ ಒಂದು. ಮಗುವಿನ ಕಲಿಕಾ ನ್ಯೂನತೆಯನ್ನು ಆದಷ್ಟು ಬೇಗ ಪತ್ತೆ ಹಚ್ಚಿ, ಅದಕ್ಕೆ ತಕ್ಕಂತೆ ಪಾಠ ಹೇಳುವುದು ಸರ್ಕಾರಿ, ಅನುದಾನಿತ, ಮಾನ್ಯತೆ ಪಡೆದ ಶಾಲೆಗಳ ಜವಾಬ್ದಾರಿ. ಹೊಡೆಯೋದು, ಹೀಯಾಳಿಸೋದು 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ನಿಷಿದ್ಧ. 2018ರ ಮಾರ್ಗಸೂಚಿಯಲ್ಲಿ 8 ವರ್ಷ ತುಂಬಿದ ಮೇಲೆ ಪ್ರಮಾಣಪತ್ರ, 14ಕ್ಕೆ ಮತ್ತು 18ಕ್ಕೆ ಮರುಪರೀಕ್ಷೆ ಎಂದಿತ್ತು. ನ್ಯೂನತೆ ಶೇಕಡಾ 40ಕ್ಕೆ ಕಮ್ಮಿ ಇಲ್ಲದಿದ್ದರೆ ಪರೀಕ್ಷೆಯಲ್ಲಿ ಗಂಟೆಗೆ 20 ನಿಮಿಷ ಹೆಚ್ಚುವರಿ ಎಂದು ಅದೇ ವರ್ಷದ ಕೇಂದ್ರದ ಇನ್ನೊಂದು ಮಾರ್ಗಸೂಚಿ ಹೇಳಿತ್ತು. ಅಂದರೆ ಮೂರು ಗಂಟೆಯ ಪೇಪರಿಗೆ ನಾಲ್ಕು ಗಂಟೆ.

ಆದರೆ ಕಾನೂನು ತಾನಾಗಿ ನಡೆದು ಶಾಲೆ ಬಾಗಿಲಿಗೆ ಬರೋಲ್ಲ. ಹೆಡ್‌ಮಾಸ್ಟರಿಗೆ ಬಾಯಲ್ಲಿ ಹೇಳಿ ಬರಬೇಡಿ. ಅರ್ಜಿ ಬರೆದು ಕೊಡಿ, ನಕಲಿಗೆ ಸಹಿ-ಸೀಲು ಹಾಕಿಸಿಕೊಳ್ಳಿ. ರಸೀತಿ ಇಲ್ಲದ ವ್ಯವಹಾರದ ಗತಿ ವ್ಯಾಪಾರಿಗಳಿಗೆ ಹೇಳಿಕೊಡಬೇಕೇ? ತಾಲ್ಲೂಕಿನ ಬಿ.ಇ.ಓ. ಕಚೇರಿಯಲ್ಲಿ ವಿಶೇಷ ಅಗತ್ಯದ ಮಕ್ಕಳ ಸಂಪನ್ಮೂಲ ಶಿಕ್ಷಕರು ಯಾರು ಎಂದೂ ಕೇಳಿ.

'ಅಂಗಡಿಗೆ ಹಾಕ್ತೀನಿ ಬಿಡಿ'

ಬಹಳ ಅಪ್ಪಂದಿರ ಕೊನೆ ಮಾತು ಇದೇ. ಓದು ಹತ್ತಲಿಲ್ಲ, ಗಲ್ಲಾದಲ್ಲಿ ಕೂರಲಿ. ಸ್ವಾಮಿ, ಅಂಗಡಿ ಹಿಂದಿನ ಹಾಗಿದೆಯೇ? ಸರಕಿನ ಮೇಲಿನ ತಾರೀಖು ಓದಬೇಕು, ಜಿ.ಎಸ್.ಟಿ. ಬಿಲ್ಲು ನೋಡಬೇಕು, ದುಡ್ಡು ಬಂತೋ ಇಲ್ಲವೋ ಫೋನಿನಲ್ಲಿ ಕಾಣಬೇಕು. ಓದಲು ಬಾರದವನನ್ನು ಗಲ್ಲಾದಲ್ಲಿ ಕೂರಿಸಿದರೆ ಅವನು ಜೀವಮಾನವೆಲ್ಲ ಇನ್ನೊಬ್ಬರ ಕಣ್ಣನ್ನೇ ನಂಬಿರಬೇಕು.

ತಡವಾಗಿಯಾದರೂ ಸರಿಯಾದ ಕ್ರಮದಲ್ಲಿ ಹೇಳಿಕೊಟ್ಟರೆ ಈ ಮಕ್ಕಳು ಓದೋದನ್ನ ಕಲೀತಾರೆ. ವೇಗ ಕಮ್ಮಿ ಇರಬಹುದು, ಕಾಗುಣಿತ ಅಲ್ಲಲ್ಲಿ ತಪ್ಪಬಹುದು. ಆದರೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂದಾಗ ಪ್ರಮಾಣಪತ್ರಕ್ಕೆ ಓಡಾಡಿದರೆ ಪ್ರಯೋಜನವಿಲ್ಲ. ಮಗು ಮೂರನೇ, ನಾಲ್ಕನೇ ಕ್ಲಾಸಿನಲ್ಲಿರುವಾಗಲೇ ತಪಾಸಣೆ ಮಾಡಿಸಿ. ಆ ಒಂದು ದಿನ ಅಂಗಡಿ ಬಾಗಿಲು ಹಾಕಿದರೆ ಆಗುವ ನಷ್ಟ ದೊಡ್ಡದೇನಲ್ಲ.