ಲೆಕ್ಕದ ಪುಸ್ತಕದಲ್ಲಿ ಮುತ್ತಜ್ಜ

ಪ್ರಶ್ನೆ: ಫ್ರಾನ್ಸಿನ ಸಾಮಾನ್ಯ ಜನರೂ ಮೂರು-ನಾಲ್ಕು ಶತಮಾನ ಹಿಂದಿನ ಪೂರ್ವಿಕರ ಹೆಸರು ಹೇಳುತ್ತಾರಲ್ಲ, ಅದು ಹೇಗೆ?

ಉತ್ತರ: ಊರೂರಿನ ಪಾದ್ರಿಗಳು ಬರೆದಿಟ್ಟ ದಫ್ತರಗಳ ಪುಣ್ಯ ಅದು. ಮಕ್ಕಳ ದೀಕ್ಷಾಸ್ನಾನವನ್ನು ದಾಖಲಿಸಬೇಕೆಂದು ದೊರೆ ಒಂದನೇ ಫ್ರಾನ್ಸಿಸ್ 1539ರಲ್ಲಿ ಕಟ್ಟಳೆ ಮಾಡಿದ. ಮದುವೆ, ಸಾವುಗಳು 1579ರಲ್ಲಿ ಸೇರಿದವು. 1667ರಿಂದ ಎರಡೆರಡು ಪ್ರತಿ. 1792ರಲ್ಲಿ ಕ್ರಾಂತಿ ಸರ್ಕಾರ ಈ ಕೆಲಸವನ್ನು ಊರಿನ ಆಡಳಿತಕ್ಕೆ ವಹಿಸಿತು. ಪ್ಯಾರಿಸ್ ಮಾತ್ರ ನತದೃಷ್ಟ ನಗರ. 1871ರ ಕಮ್ಯೂನ್ ದಂಗೆಯಲ್ಲಿ ಅಲ್ಲಿನ ಎರಡೂ ಪ್ರತಿಗಳು ಬೆಂಕಿಗೆ ಆಹುತಿಯಾದವು.

ಸಿಕ್ಕ ಹಾಳೆಯನ್ನು ಓದುವುದೇ ಒಂದು ವಿದ್ಯೆ. ಏಳರ ಅಂಕಿ ಬರೆದು ಪಕ್ಕದಲ್ಲಿ ಪುಟ್ಟದಾಗಿ ‘ಬ್ರ’ ಎಂದಿದ್ದರೆ ಅದು ಜುಲೈ ಅಲ್ಲ, ಸೆಪ್ಟೆಂಬರ್! ಲ್ಯಾಟಿನ್ನಿನಲ್ಲಿ ‘ಸೆಪ್ಟೆಮ್’ ಎಂದರೆ ಏಳು. ಹೆಂಗಸರನ್ನು ಹುಡುಕುವುದು ಸುಲಭ. ಮದುವೆಯಾದ ಮೇಲೂ ದಾಖಲೆಯಲ್ಲಿ ತವರಿನ ಹೆಸರೇ ಉಳಿಯುತ್ತಿತ್ತು.

ನನಗೆ ಇವೆಲ್ಲಕ್ಕಿಂತ ಪ್ರಿಯವಾದದ್ದು ‘ಲಿವ್ರ್ ದ ರೇಝೋಂ’ ಎಂಬ ಮನೆವಾರ್ತೆಯ ಲೆಕ್ಕದ ಪುಸ್ತಕ. ಯಜಮಾನ ಮಾರಿದ ಧಾನ್ಯ, ಕೊಟ್ಟ ಸಾಲ, ಮಗಳ ವರದಕ್ಷಿಣೆ ಬರೆಯುತ್ತ, ಅದೇ ಶಾಯಿಯಲ್ಲಿ ಮಗು ಹುಟ್ಟಿದ್ದನ್ನೂ ಆಲಿಕಲ್ಲು ಬಿದ್ದು ಬೆಳೆ ಹೋದದ್ದನ್ನೂ ಬರೆದಿಡುತ್ತಿದ್ದ. ಅವನ ಮಗ ಅದೇ ಪುಸ್ತಕವನ್ನು ಮುಂದುವರಿಸುತ್ತಿದ್ದ. ಪಾದ್ರಿಯ ದಫ್ತರ ಹೆಸರು, ತಾರೀಖು ಹೇಳುತ್ತದೆ. ಆ ಮನೆಯವರು ಯಾವುದಕ್ಕೆ ಹೆದರಿದರು, ಯಾರಿಗಾಗಿ ದುಡ್ಡು ಕೂಡಿಟ್ಟರು ಎಂಬುದು ತಿಳಿಯುವುದು ಇಲ್ಲಿ.

ಈಗ ಜಿಲ್ಲಾ ದಾಖಲಾಗಾರಗಳು ಹಳೆಯ ದಫ್ತರಗಳ ಚಿತ್ರಗಳನ್ನು ಅಂತರ್ಜಾಲದಲ್ಲಿ ತೆರೆದಿಟ್ಟಿವೆ. ನಮ್ಮ ನೆರೆಯ ಪುದುಚೇರಿಯ ಫ್ರೆಂಚ್ ಕಾಲದ ಜನನ, ಮರಣದ ದಾಖಲೆಗಳಿಗೆ ಏಕ್ಸ್-ಆನ್-ಪ್ರೊವಾನ್ಸ್ ಪಟ್ಟಣದ ಸಾಗರೋತ್ತರ ದಾಖಲಾಗಾರವನ್ನು ನೋಡಬೇಕು.