ಮೊಲಗಳು ಮೇಯ್ದ ಲೇಸನ್ ದ್ವೀಪ

ಎಂಟನೇ ತರಗತಿಯಲ್ಲಿ ಸಸ್ಯ ಮತ್ತು ಪ್ರಾಣಿಗಳ ಸಂರಕ್ಷಣೆಯ ಪಾಠಕ್ಕೆ ಪೂರಕವಾಗಿ ನಾನು ಲೇಸನ್ ದ್ವೀಪದ ಉದಾಹರಣೆಯನ್ನು ಆರಿಸಿಕೊಂಡೆ. ಪೆಸಿಫಿಕ್ ಸಾಗರದಲ್ಲಿ, ಹೊನೊಲುಲುವಿನಿಂದ ವಾಯವ್ಯಕ್ಕೆ ಸುಮಾರು 1,500 ಕಿ.ಮೀ. ದೂರದಲ್ಲಿರುವ ಈ ಹವಳದ ದ್ವೀಪದ ವಿಸ್ತೀರ್ಣ ಸುಮಾರು 4 ಚದರ ಕಿ.ಮೀ. ನಡುವೆ ಉಪ್ಪುನೀರಿನ ಕೆರೆ; ಸುತ್ತಲೂ ಹವಳ, ಚಿಪ್ಪುಗಳ ಮರಳು. ಆ ಮರಳನ್ನು ಹಿಡಿದಿಟ್ಟಿದ್ದು ಹುಲ್ಲು ಮತ್ತು ಪೊದೆಗಳ ಬೇರು.

1890ರ ದಶಕದಲ್ಲಿ ಹಕ್ಕಿಹಿಕ್ಕೆಯ ಗೊಬ್ಬರ ತೆಗೆಯಲು ಜನ ಬಂದರು. 1903ರ ಸುಮಾರಿಗೆ ಮೊಲಗಳನ್ನೂ ತಂದು ಬಿಟ್ಟರು. ಅವನ್ನು ಬೇಟೆಯಾಡುವ ಪ್ರಾಣಿ ಅಲ್ಲಿರಲಿಲ್ಲ. 1923ರಲ್ಲಿ ಟ್ಯಾನೇಜರ್ ಹಡಗಿನ ವಿಜ್ಞಾನಿಗಳು ಬರುವ ಹೊತ್ತಿಗೆ ಹಸಿರು ಬಹುತೇಕ ಅಳಿದಿತ್ತು. ಉಳಿದಿದ್ದ ಮೊಲಗಳನ್ನು ಅವರು ಕೊಂದರು. ಅವರಿಗೆ ಕಂಡ ಮೂರೇ ಮೂರು ಲೇಸನ್ ಹನಿಕ್ರೀಪರ್ ಹಕ್ಕಿಗಳು ಬಿರುಗಾಳಿಗೆ ಸತ್ತವು. ಆ ಬಗೆಯ ಹಕ್ಕಿ ಮತ್ತೆ ಕಾಣಲಿಲ್ಲ. ಲೇಸನ್ ಬಾತು ಮಾತ್ರ ಹೇಗೋ ಉಳಿಯಿತು. 2004–05ರಲ್ಲಿ ಅಂಥ 42 ಬಾತುಗಳನ್ನು ಇಲಿಗಳಿಲ್ಲದ ಮಿಡ್‌ವೇ ದ್ವೀಪಕ್ಕೆ ಒಯ್ದು ಬಿಡಲಾಯಿತು.

ಕಪ್ಪುಹಲಗೆಯ ಮೇಲೆ 'ಮೊಲ – ಹುಲ್ಲು – ಮರಳು – ಹಕ್ಕಿ' ಎಂದು ಬರೆದು, ಒಂದೊಂದಕ್ಕೂ ಬಾಣದ ಗುರುತು ಹಾಕಿಸಿದೆ. "ಹಾಗಾದ್ರೆ ಮೊಲ ಕೆಟ್ಟದ್ದಾ, ಟೀಚರ್?" ಎಂದಳು ಒಬ್ಬ ಹುಡುಗಿ. ಈ ಪಾಠದ ತಿರುಳು ಇರುವುದು ಇಲ್ಲೇ. ಹಸಿದ ಮೊಲ ಹುಲ್ಲು ತಿಂದಿತು, ಅಷ್ಟೆ. ಅದನ್ನು ತಂದು ಬಿಟ್ಟವರು ಯಾರು ಎಂದು ಕೇಳಿದೆ. ಸರಪಳಿಯ ಮೊದಲಿಗೆ 'ಮನುಷ್ಯ' ಎಂದು ಮಕ್ಕಳೇ ಸೇರಿಸಿದರು.

ಮೌಲ್ಯಮಾಪನಕ್ಕೆ ಇಸವಿಗಳಿಗಿಂತ ಈ ಪ್ರಶ್ನೆ ಒಳ್ಳೆಯದು: ಮೊಲಗಳನ್ನು ಕೊಂದದ್ದು ಸರಿಯೇ? ಕಾರಣ ಕೊಡಿ. ಎರಡೂ ಕಡೆಯ ಉತ್ತರಗಳಿಗೆ ಅಂಕ ಕೊಡಬಹುದು. ಆದರೆ ಉತ್ತರದಲ್ಲಿ ಹಕ್ಕಿಯೂ ಇರಬೇಕು, ಮೊಲವೂ ಇರಬೇಕು.