ಕುದುರೆಮುಖದವನು ವೈಮಾರಿಗೆ ಹೋದ ದಾರಿ

1984. ಪೂರ್ವ ಜರ್ಮನಿಯ ವೈಮಾರ್, ಮಹಾಕವಿ ಗಯಟೆ ಬಾಳಿದ ಊರು. ಅಲ್ಲಿನ ರಾಷ್ಟ್ರೀಯ ರಂಗಮಂದಿರದಲ್ಲಿ ಜರ್ಮನ್ ನಟರು, ಜರ್ಮನ್ ಮಾತಿನಲ್ಲೇ ಆಡುತ್ತಿರುವ ನಾಟಕ ಯಾವುದು ಗೊತ್ತೇ? ನಮ್ಮ ‘ಹಯವದನ’! ಆಡಿಸುತ್ತಿರುವವರು ಮುಂಬಯಿಯ ನಿರ್ದೇಶಕಿ ವಿಜಯಾ ಮೆಹ್ತಾ!

ಗಿರೀಶ ಕಾರ್ನಾಡರ ನಾಟಕ ಅಲ್ಲಿಯವರೆಗೆ ಹೋದದ್ದಾದರೂ ಹೇಗೆ? ಸರ್ಕಾರಗಳ ಒಪ್ಪಂದ-ಗಿಪ್ಪಂದ ಏನಿದ್ದವೋ ಇರಲಿ, ನನ್ನ ಕಣ್ಣಿಗೆ ಬೀಳುವುದು ಒಂದು ಸ್ನೇಹ. ವೈಮಾರಿನ ನಿರ್ದೇಶಕ ಫ್ರಿಟ್ಜ್ ಬೆನವಿಟ್ಜ್ 1970ರ ದಶಕದಲ್ಲಿ ಮುಂಬಯಿಗೆ ಬಂದು, ಮೆಹ್ತಾ ಜೊತೆಗೂಡಿ ಜರ್ಮನ್ ನಾಟಕಕಾರ ಬ್ರೆಕ್ಟ್‌ನ ನಾಟಕವೊಂದನ್ನು ‘ಅಜಬ್ ನ್ಯಾಯ ವರ್ತುಳಾಚಾ’ ಎಂದು ಮರಾಠಿಯಲ್ಲಿ ಆಡಿಸಿದ. ಅದನ್ನು ಮರಾಠಿಗೆ ತಂದವರು ಚಿಂ. ತ್ರ್ಯಂ. ಖಾನೋಲ್ಕರ್. ‘ಹಯವದನ’ವನ್ನು ಮರಾಠಿಗೆ ತಂದವರೂ ಅವರೇ! ಅದನ್ನು ರಂಗಕ್ಕೆ ತಂದವರೂ ಮೆಹ್ತಾ ಅವರೇ!

ತಾಳಿ, ಬೆರಗು ಇನ್ನೂ ಮುಗಿದಿಲ್ಲ. ಗಂಡ, ಗೆಳೆಯ, ಇಬ್ಬರ ತಲೆಗಳೂ ಅದಲುಬದಲಾಗುವ ಈ ನಾಟಕದ ಬೇರು ಸೋಮದೇವನ ‘ಕಥಾಸರಿತ್ಸಾಗರ’ದಲ್ಲಿ, ಬೇತಾಳ ರಾಜನಿಗೆ ಹೇಳಿ ‘ಗಂಡ ಯಾರು?’ ಎಂದು ಕೇಳುವ ಕಥೆಯಲ್ಲಿದೆ. ಹೈನ್ರಿಶ್ ಝಿಮ್ಮರ್ ಎಂಬ ಜರ್ಮನ್ ವಿದ್ವಾಂಸನ ಮೂಲಕ ಆ ಕಥೆ ಜರ್ಮನ್ ಲೇಖಕ ಥಾಮಸ್ ಮಾನ್‌ಗೆ ಸಿಕ್ಕಿತು. ಮಾನ್ 1940ರಲ್ಲಿ ಅದನ್ನು ಕಿರುಕಾದಂಬರಿಯಾಗಿಸಿ ಝಿಮ್ಮರ್‌ಗೇ ಅರ್ಪಿಸಿದ. ಅಲ್ಲೂ ಒಂದು ಸ್ನೇಹ! ಆ ಕಾದಂಬರಿ ಓದಿಯೇ ಕಾರ್ನಾಡರು 1971ರ ಹೊತ್ತಿಗೆ ನಾಟಕ ಕಟ್ಟಿದ್ದು. ತಲೆ ಯಾರದೋ ಅವನೇ ಗಂಡ ಎಂದು ರಾಜ ಬೇತಾಳಕ್ಕೆ ಉತ್ತರ ಕೊಟ್ಟು ಕೈತೊಳೆದುಕೊಂಡಿದ್ದ. ಕಾರ್ನಾಡರು ಅಷ್ಟು ಸುಲಭಕ್ಕೆ ಬಿಡುವವರಲ್ಲ. ಗೆಳೆಯ ಕಪಿಲನ ತಲೆ ಮರೆಯಬೇಕೆಂದದ್ದನ್ನು ಅವನಿಗೆ ಅಂಟಿಕೊಂಡ ಗಂಡ ದೇವದತ್ತನ ಮೈ ಮರೆಯಲೊಲ್ಲದು. ಅದಕ್ಕೂ ಮೇಲೆ ಭಾಗವತ, ಮುಖವಾಡ, ಮಾತಾಡುವ ಬೊಂಬೆಗಳು, ಪೂರ್ತಿ ಮನುಷ್ಯನಾಗಲು ಹಂಬಲಿಸುವ ಕುದುರೆಮುಖದವನು. ಇವು ಯಾವುವೂ ಮಾನ್‌ನಲ್ಲಿಲ್ಲ, ನಮ್ಮ ಅಂಗಳದವು.

ಹಾಗೆ ಜರ್ಮನ್ ಮಾತಿನಿಂದ ಬಂದ ಕಥೆ ಕನ್ನಡದಲ್ಲಿ ಬೇರೆಯೇ ಮೈ ತೊಟ್ಟು, ಮುಂಬಯಿಯಲ್ಲಿ ಮರಾಠಿ ಮಾತಾಡಿ, ಮತ್ತೆ ಜರ್ಮನ್ ಮಾತಿಗೆ! ಅದೂ ಎಲ್ಲಿಗೆ? ಬ್ರಾಹ್ಮಣ ಹೆಂಡತಿಯೊಬ್ಬಳ ತಲೆ ಬೇರೊಬ್ಬಳ ಮುಂಡಕ್ಕೆ ಸೇರುವ, ನಮ್ಮ ರೇಣುಕೆಯ ನೆನಪು ತರುವ ಕಥೆಯನ್ನು ಗಯಟೆ 1820ರ ದಶಕದಲ್ಲೇ ಪದ್ಯವಾಗಿಸಿದ್ದ ವೈಮಾರಿಗೆ!

ಎಂಟು ವರ್ಷಗಳಾದ ಮೇಲೆ ನಾಗಪ್ಪನೂ ಅದೇ ದಾರಿ ಹಿಡಿದ: 1992ರಲ್ಲಿ ಮೆಹ್ತಾ ಲೈಪ್‌ಜಿಗ್‌ನ ನಟರಿಂದ ಕಾರ್ನಾಡರ ಇನ್ನೊಂದು ನಾಟಕ ‘ನಾಗಮಂಡಲ’ ಆಡಿಸಿದರು.